ಜೀಪಿನ ತಳಕ್ಕೆ ಯಾವ ಬಣ್ಣ?

ಎರಡು ತಗಡಿನ ತುಂಡುಗಳನ್ನು ಗ್ಯಾರೇಜಿನ ಬೆಂಚಿನ ಮೇಲಿಟ್ಟು ಸೊಸೆ ಕೇಳಿದಳು: "ಇದು ತೆಳು ಪೇಂಟು. ಇದು ರಬ್ಬರ್ ಥರ ದಪ್ಪ ಕೋಟಿಂಗು. ಜೀಪಿನ ತಳಕ್ಕೆ ಯಾವುದು ಹಾಕ್ಲಿ ಡಾಕ್ಟ್ರೇ?"

ದನದ ಡಾಕ್ಟರ ಅರವತ್ತು ವರ್ಷದ ಹಳೆಯ ಜೀಪು. ತುಕ್ಕು ತಿಂದ ತಳವನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆದವರು ಮಾವ. ಬಣ್ಣದ ಕೆಲಸ ಸೊಸೆಯದು. ಡಾಕ್ಟರು ಎರಡೂ ತುಂಡುಗಳನ್ನು ಉಗುರಿನಿಂದ ಕೆರೆದು ನೋಡಿ, "ಹೊಳೆ ದಾಟಿ ಹೋಗೋ ಗಾಡಿ. ನನಗೇನು ತಿಳಿಯುತ್ತೆ? ಯಜಮಾನ್ರು ಹೇಳಿದ್ದೇ ವೇದವಾಕ್ಯ" ಎಂದರು.

"ದಪ್ಪದ್ದೇ ಹಾಕ್ಸಿ" ಎಂದರು ಮಾವ, ಕನ್ನಡಕ ತೆಗೆದು ಜೇಬಿಗಿಳಿಸುತ್ತ.

ಸೊಸೆಯ ಕೈಯಲ್ಲಿದ್ದ ಬ್ರಷ್ಷು ಅಲ್ಲೇ ನಿಂತಿತು. ದಪ್ಪ ಕೋಟಿಂಗಿನ ಹೆಸರೆತ್ತಿದರೆ "ಮೇಲೆ ಥಳುಕು, ಒಳಗೆ ಹುಳುಕು" ಎಂದು ಮುಖ ಸಿಂಡರಿಸುತ್ತಿದ್ದ ಮನುಷ್ಯ ಇವರೇನಾ? ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಸಾಕು, ನೀರು ಅದರಲ್ಲಿಳಿದು, ಲೇಪದ ಮರೆಯಲ್ಲಿ ಕೂತು, ಯಾರಿಗೂ ಕಾಣದಂತೆ ತಗಡನ್ನು ತಿನ್ನುತ್ತದೆ ಎಂದು ಅವಳಿಗೆ ಕಲಿಸಿದವರೇ ಅವರು. "ಮೇಲ್ಭಾಗ ಗಿರಾಕಿ ನೋಡ್ತಾನೆ, ಅಡಿಭಾಗ ದೇವರು ನೋಡ್ತಾನೆ" ಎಂಬುದು ಅವರ ನಿತ್ಯದ ಮಂತ್ರ. ಈಚೆಗೆ ಮಾತ್ರ ಅವರು ಬೆಸೆದ ಗೆರೆಯನ್ನು ಕಣ್ಣಿನಿಂದ ನೋಡುವುದು ಬಿಟ್ಟು ಬೆರಳಿನಿಂದ ಸವರಿ ಏಳುತ್ತಿದ್ದರು. ಅವಳು ಅದನ್ನು ಗಮನಿಸಿದ್ದಳು.

ಸಂಜೆ ಬರುತ್ತೇನೆಂದು ಡಾಕ್ಟರು ಹೊರಟರು. ಸೊಸೆ ಸ್ಟ್ಯಾಂಡುಗಳ ಮೇಲೆ ಎತ್ತಿಟ್ಟಿದ್ದ ಜೀಪಿನೊಳಗೆ ಬಲ್ಬೊಂದನ್ನು ಉರಿಸಿ ಇಳಿಬಿಟ್ಟು, ಮೇಲಿನಿಂದ ನೆಲದವರೆಗೆ ಟಾರ್ಪಾಲು ಹೊದಿಸಿದಳು.

"ಇದೇನಮ್ಮ, ಗಾಡಿಗೆ ಚಳಿಜ್ವರಾನಾ?"

"ಕೆಳಗೆ ಬನ್ನಿ ಮಾವ. ದೇವರು ನೋಡೋ ಕಡೆ ನಾವೂ ಒಂದ್ಸಲ ನೋಡೋಣ."

ಮಂಡಿಯನ್ನು ಶಪಿಸುತ್ತಲೇ ಅವರು ಜೀಪಿನಡಿ ತೂರಿ ಕೂತರು. ತಲೆಯನ್ನು ಅರ್ಧಕ್ಕೆ ಎತ್ತಿ, "ಕಗ್ಗತ್ತಲು. ಒಂದು ತೂತೂ ಇಲ್ಲ. ನಲವತ್ತು ವರ್ಷ ಪಳಗಿದ ಕೈ ಇದು!" ಎಂದರು.

"ಆ ಕೈ ಸ್ವಲ್ಪ ಚಾಚಿ."

ಅವರ ಅಂಗೈಯನ್ನು ಅವಳು ಬೆಸುಗೆಯ ಗೆರೆಯ ಕೆಳಗೆ ಹಿಡಿದಳು. ಮಸಿ ಹತ್ತಿದ ಅಂಗೈಯ ನಡುವೆ ಬೆಳಕಿನ ಮೂರು ಚುಕ್ಕಿ, ಸಾಸಿವೆ ಕಾಳಿನಷ್ಟು.

ಮಾವ ಮುಷ್ಟಿ ಬಿಗಿದರು. ಚುಕ್ಕಿಗಳು ಮುಷ್ಟಿಯ ಮೇಲೆ ಬಂದು ಕೂತವು.

ಅವರೇ ಅಂದರು: "ಅನುಮಾನ ಇತ್ತು ಕಣಮ್ಮ. ಹೇಳೋಕೆ ನಾಲಿಗೆ ಹೊರಳಲಿಲ್ಲ."

"ಈಗ ಹೊರಳ್ತಲ್ಲ."

ಅವರು ಹೊರಗೆ ತೆವಳಿ ಬಂದು, ಮೊಳೆಗೆ ತೂಗುಹಾಕಿದ್ದ ವೆಲ್ಡಿಂಗ್ ಮುಖವಾಡವನ್ನು ತೆಗೆದು ಅವಳ ಕೈಗಿಟ್ಟರು. "ಕಣ್ಣು ನಿಂದು, ಹೇಳಿಕೊಡೋದು ನಂದು. ಪಟ್ಟಿ ಬಿಗಿ ಮಾಡ್ಕೋ, ನನ್ನ ತಲೆ ದಪ್ಪ."

"ಅದು ಈ ಮನೆಗೆ ಬಂದ ದಿನವೇ ಗೊತ್ತಾಯ್ತು ಮಾವ."

ಸಂಜೆ ಡಾಕ್ಟರು ಬಂದಾಗ ತಳಕ್ಕೆ ಬೂದು ಬಣ್ಣದ ತೆಳು ಪದರವೊಂದೇ ಬಿದ್ದಿತ್ತು. ಒಂದೊಂದು ಬೆಸುಗೆಯೂ ಎದ್ದು ಕಾಣುತ್ತಿತ್ತು.

"ಬೆಳಿಗ್ಗೆ ದಪ್ಪದ್ದು ಅಂದಿರಲ್ಲ ಯಜಮಾನ್ರೇ? ಇದರಲ್ಲಿ ಎಲ್ಲಾ ಕಾಣುತ್ತೆ. ಈ ಮೂರು ಗಂಟು ನೋಡಿ."

"ಕಾಣ್ಲಿ ಬಿಡಿ ಡಾಕ್ಟ್ರೇ" ಎಂದು ಮಾವ ಎದೆಯುಬ್ಬಿಸಿದರು. "ಅವು ನನ್ನ ಸೊಸೆ ಹಾಕಿದ್ದು. ಬಗ್ಗಿ, ಅಡಿಯಿಂದಲೂ ನೋಡಿ."