ತಾಳದ ಬೀಗತನ

"ಲ್ಯಾಪ್‌ಟಾಪಿಗೂ ಮೊಬೈಲಿಗೂ ಲಿಂಕ್ ಇಲ್ಲ ದಾದಿ, ಅದಕ್ಕ ತಾಳ ಹಿಂಗ ತಪ್ಪಾಕತ್ತೈತಿ," ಅಂದಳು ನಾಜಮೀನ.

"ಥೂ! ಮದವಿ ಮನ್ಯಾಗ ಲಿಂಕ್ ಗಿಂಕ್ ಅನಬ್ಯಾಡ. ಗಂಡಿನ ಕಡಿಯವರ ಕಿವಿಗೆ ಬಿದ್ದರ ಏನ ತಿಳಕೊಂಡಾರು!" ಅಜ್ಜಿ ಮುಮತಾಜಬಿ ಸಿಡುಕಿದಳು.

ಸಿಡುಕದೆ ಏನು ಮಾಡ್ಯಾಳು ಪಾಪ? ಸಂಜೆ ಹಿರಿಯ ಮೊಮ್ಮಗಳು ಗುಲ್ಷನಳ ಅರಿಶಿನ. ನರಗುಂದದ ಆ ಓಣಿಯಲ್ಲಿ ಮುಮತಾಜಬಿಯ ಢೋಲಕ್ ಇಲ್ಲದೆ ಯಾವ ಹುಡುಗಿಗೂ ಅರಿಶಿನ ಹತ್ತಿದ್ದಿಲ್ಲ. ಸ್ವಂತ ಮೊಮ್ಮಗಳ ಸರದಿ ಬಂದಾಗ ಮಾತ್ರ ಲಕ್ವಾ ಹೊಡೆದ ಬಲಗೈ ಸೆರಗಿನಡಿ ಸುಮ್ಮನೆ ಬಿದ್ದುಕೊಂಡಿತ್ತು. ಅದಕ್ಕೇ ಕಿರಿಯವಳು ನಾಜಮೀನ ಲ್ಯಾಪ್‌ಟಾಪಿಗೆ ಢೋಲಕ್ಕಿನ ಪ್ರೋಗ್ರಾಂ, ಮೊಬೈಲಿಗೆ ಚಪ್ಪಾಳೆಯದು ಇಳಿಸಿಕೊಂಡಿದ್ದಳು. ಯಾರ‍್ಯಾರೋ ಬರೆದು, ಬೇಕಾದವರು ತಿದ್ದಿಕೊಳ್ಳಿ ಎಂದು ಪುಕ್ಕಟೆ ಬಿಟ್ಟುಕೊಟ್ಟಂಥವು ಅವು. ಎರಡೂ ಭಾರಿ ಹಟಮಾರಿ! ಒಂದು ಓಡಿದರೆ ಇನ್ನೊಂದು ಕುಂಟುತ್ತಿತ್ತು. ಹಾಡಲು ಬಂದ ಪಕ್ಕದ ಮನೆಯ ಅನಸೂಯಾಬಾಯಿ ಪಲ್ಲವಿಯಲ್ಲೇ ಎಡವಿ ನಕ್ಕುಬಿಟ್ಟಳು.

"ಲಿಂಕ್ ಬ್ಯಾಡಂದ್ರ ಬೀಗತನ ಅನ್ನೋಣಂತ. ಇಬ್ಬರಿಗೂ ಬೀಗತನ ಮಾಡಸವ್ವಾ," ಅಂದಳು ಅನಸೂಯಾಬಾಯಿ.

ನಾಜಮೀನ ಎರಡರಲ್ಲೂ ಲಿಂಕಿನ ಗುಂಡಿ ಹುಡುಕಿ ಒತ್ತಿದಳು. ಅರೆ! ಢೋಲಕ್ಕೂ ಚಪ್ಪಾಳೆಯೂ ಒಂದೇ ನಡಿಗೆಗೆ ಬಂದವು.

"ಈ ಬೀಗರಾಗ ಯಾರ ಮಾತು ನಡೀತೈತಿ?" ಮುಮತಾಜಬಿಗೆ ಇನ್ನೂ ಅನುಮಾನ.

"ಯಾರೂ ಹೆಚ್ಚಲ್ಲ, ಯಾರೂ ಕಡಿಮಿ ಅಲ್ಲ. ಒಬ್ಬರು ನಡಿಗಿ ಬದಲಿಸಿದ್ರ ಇನ್ನೊಬ್ಬರೂ ಬದಲಿಸ್ತಾರ. ನೀ ಬದಲಿಸಿದ್ರೂ ಅಷ್ಟ. ಈ ಗುಂಡಿ ಮ್ಯಾಲ ತಾಳ ಹಾಕಿ ನೋಡು."

ಮುಮತಾಜಬಿ ಅಂಜುತ್ತಲೇ ಎಡಗೈಯ ಬೆರಳು ಚಾಚಿದಳು. ತಟ್... ತಟ್... ಢೋಲಕ್ ನಿಧಾನವಾಯಿತು. ಚಪ್ಪಾಳೆಯೂ ಅದರ ಜೋಡಿಯೇ ನಿಧಾನವಾಯಿತು. ಮದುಮಗಳನ್ನು ಹಸೆಗೆ ಕರೆತರುವಾಗ ಅವಳು ಬಾರಿಸುತ್ತಿದ್ದ ನಡಿಗೆಯೇ ಅದು! ಅನಸೂಯಾಬಾಯಿ ಕಣ್ಣು ಮುಚ್ಚಿ ಹಾಡು ಎತ್ತಿಕೊಂಡಳು. ಅರಿಶಿನ ಹಚ್ಚುವ ಸಾಲಿಗೆ ಬೆರಳು ಚುರುಕಾಯಿತು, ಎರಡೂ ಚುರುಕಾದವು. ಯಾವ ಊರಿನ ಮಂದಿ ಬರೆದದ್ದೋ ಏನೋ, ಮುದುಕಿಯ ಒಂದು ಬೆರಳಿನ ಮಾತು ಕೇಳುತ್ತಿದ್ದವು.

ಮುಮತಾಜಬಿ ಗಾಬರಿಯಾಗಿ ಬೆರಳು ತೆಗೆದಳು. ತಾಳ ನಿಲ್ಲಲಿಲ್ಲ. ಅವಳದೇ ನಡಿಗೆಯಲ್ಲಿ ನಡೆದೇ ಇತ್ತು.

"ಯಾ ಅಲ್ಲಾ! ನಾ ಕೈ ತಗದೇನಿ. ಮತ್ತ ಬಾರಿಸಾಕತ್ತವರು ಯಾರ?"

"ನೀನ, ದಾದಿ."

ಮುಮತಾಜಬಿ ಸೆರಗಿನಡಿಯ ಬಲಗೈಯನ್ನು ಎಡಗೈಯಿಂದ ಮೆಲ್ಲಗೆ ಎತ್ತಿ, ಅದುರುತ್ತಿದ್ದ ಲ್ಯಾಪ್‌ಟಾಪಿನ ಸ್ಪೀಕರಿನ ಮೇಲೆ ಇಟ್ಟಳು. ಆ ಕೈಯನ್ನೇ ನೋಡುತ್ತ ಅಂದಳು:

"ಕೇಳಿದೇನ? ನೀನ ಅಂತ."