ಅಂಗಡಿ ಯಜಮಾನರ ಕಾಲಿನ ಅಳತೆ

"ಶೂ ಬಿಚ್ಚಿ ಈ ಹಾಳೆ ಮೇಲೆ ನಿಂತ್ಕೊಳ್ಳಿ" ಎಂದರು ನರ್ಸಮ್ಮ. ಶೂ ಅಂಗಡಿ ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಊರಿಗೆಲ್ಲ ಶೂ ಬಿಚ್ಚಿಸಿ ಅಳತೆ ತೆಗೆದವರು ಅವರು. ದೂರದಿಂದ ಪಾದ ನೋಡಿಯೇ ನಂಬರ್ ಹೇಳುತ್ತಾರೆಂದು ಹೆಸರು ಬೇರೆ.

"ನಂದು ಏಳು. ಬರ್ಕೊಳ್ಳಿ."

"ಇವರ ಮಾತು ಕೇಳ್ಬೇಡಿ, ಅಳೀರಿ" ಎಂದರು ಹೆಂಡತಿ. ಸಕ್ಕರೆ ಕಾಯಿಲೆಯವರು ಕಾಲು ತೋರಿಸಿಕೊಳ್ಳಬೇಕೆಂದು ಗಂಡನನ್ನು ಆಸ್ಪತ್ರೆಗೆ ಎಳೆದುತಂದವರೇ ಅವರು.

ನರ್ಸಮ್ಮ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಅದರ ಮೇಲೆ ಅವರದೇ ಶೂ ಇಟ್ಟರು. ಗೆರೆ ಅತ್ತಲೂ ಇತ್ತಲೂ ಹೊರಗೆ ಇಣುಕುತ್ತಿತ್ತು. ಬೇರೆಯವರ ಪಾದವಾಗಿದ್ದರೆ ಯಜಮಾನರು ಕಣ್ಣುಮುಚ್ಚಿಕೊಂಡು ಎಂಟೂವರೆ ಎನ್ನುತ್ತಿದ್ದರು.

"ದೊಡ್ಡದು ಹಾಕಿದ್ರೆ ಕಾಲಲ್ಲಿ ಶೂ ಇದೆ ಅಂತಾನೇ ಅನ್ಸಲ್ಲಮ್ಮ. ಅದಕ್ಕೇ ಬಿಗಿಯಾಗ್ಲಿ ಅಂತ ನಂಬರ್ ಇಳಿಸ್ತಾ ಬಂದೆ."

"ಶೂ ಸಡಿಲ ಆಗಿಲ್ಲ ಯಜಮಾನ್ರೇ, ಸಕ್ಕರೆಯಿಂದ ಕಾಲು ಜೋಮು ಹಿಡಿದಿದೆ." ನರ್ಸಮ್ಮ ಕಿರುಬೆರಳಿನ ಪಕ್ಕ ಕೆಂಪಗೆ ಕಂದಿದ್ದ ಜಾಗ ಒತ್ತಿದರು. "ನೋವಿದೆಯಾ?"

"ಇಲ್ವಲ್ಲ!"

"ಇರ್ಬೇಕಿತ್ತು. ಹೀಗೇ ಬಿಟ್ರೆ ಹುಣ್ಣಾಗಿ ಬೆರಳಿಗೇ ಸಂಚಕಾರ. ಮೊದಲು ಮೇಲಿನ ವಾರ್ಡ್ ತುಂಬ ಕಾಲು ಹುಣ್ಣಿನವರೇ, ಒಂದು ಮಂಚ ಸಿಗ್ತಿರಲಿಲ್ಲ. ಮುಂಚೇನೇ ಹೀಗೆ ನೋಡೋಕೆ ಶುರು ಮಾಡಿದ್ಮೇಲೆ ಅರ್ಧ ಖಾಲಿ. ನೀವು ಹೋಗಿ ತುಂಬಿಸ್ಬೇಡಿ!"

ಯಜಮಾನರು ಮತ್ತೆ ಆ ಶೂಗೆ ಕಾಲು ಹಾಕಲಿಲ್ಲ. ಶೂ ಕೈಯಲ್ಲಿ ಹಿಡಿದು, ಆಸ್ಪತ್ರೆ ಕೊಟ್ಟ ಅಗಲದ ಚಪ್ಪಲಿಯಲ್ಲಿ ನೇರವಾಗಿ ಅಂಗಡಿಗೆ ಬಂದರು. ಯಾವತ್ತೂ ಇಲ್ಲದ್ದು, ಗಿರಾಕಿಗಳ ಬೆಂಚಿನ ಮೇಲೆ ಕೂತರು. ದಿನವೂ ಗಲ್ಲಾದಲ್ಲಿ ಕೂರುವ ಹೆಂಡತಿ ಇವತ್ತು ಗಂಡನ ಮೋಟು ಸ್ಟೂಲು ಎಳೆದುಕೊಂಡರು. ಅಗಲವಾದ ಎಂಟೂವರೆ ಶೂ ಆರಿಸಿ, ಒಳಗೆಲ್ಲ ಕೈಯಾಡಿಸಿ ನೋಡಿ ತೊಡಿಸಿದರು.

"ಸಡಿಲ ಕಣೇ."

"ಹಾಗನ್ನೋದು ಕಾಲಲ್ಲ ರೀ, ನಿಮ್ಮ ಜಂಬ."

ಯಜಮಾನರು ನಕ್ಕರು. ಆಮೇಲೆ ಮೆಲ್ಲಗೆ, "ಅಲ್ಲ ಕಣೇ, ಇನ್ಮೇಲೆ ಒತ್ತುತ್ತೋ ಇಲ್ವೋ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದರು.

ಗಂಡ ಇಷ್ಟು ವರ್ಷ ಗಿರಾಕಿಗಳಿಗೆ ಮಾಡುತ್ತಿದ್ದ ಹಾಗೆಯೇ ಹೆಂಡತಿ ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನನ್ನ ಕೇಳಿ" ಎಂದರು.