ಮಾಯಣ್ಣ ಹತ್ತಿದ ಮರ

ಮೈಕಿನ ಮುಂದೆ ನಿಂತಾಗ ದನಿ ಹೊರಡುತ್ತದೆಯೋ ಇಲ್ಲವೋ ಎಂಬುದೇ ಗಿರಿಜಾಂಬಿಕಾಳ ಚಿಂತೆಯಾಗಿತ್ತು. ಬೆಳಿಗ್ಗೆ ಎದ್ದು ಅದನ್ನು ಡೈರಿಯಲ್ಲೂ ಬರೆದಿದ್ದಳು. ದಿನಾ ಬಸ್ಸಿನಲ್ಲಿ ತಿಪಟೂರಿಗೆ ಓಡಾಡಿ ಬಿ.ಎ. ಮುಗಿಸಿದವಳು, ಆ ಮೂರು ವರ್ಷದಲ್ಲಿ ತರಗತಿಯಲ್ಲಿ ಅವಳ ದನಿ ಕೇಳಿಸಿದ್ದು ಹಾಜರಿ ಕೂಗಿದಾಗ ಮಾತ್ರ. ಇವತ್ತು ಗಣರಾಜ್ಯೋತ್ಸವ. ಎಪ್ಪತ್ತೊಂದರ ಯುದ್ಧದಲ್ಲಿ ಸತ್ತ ಮಾಯಣ್ಣನ ಹೆಸರಿನಲ್ಲಿ ಶಾಲೆಯ ಮುಂದೆ ಕಲ್ಲು ನೆಡುತ್ತಿದ್ದರು. ಅವನ ರೆಜಿಮೆಂಟಿನವರು ಕಳಿಸಿದ್ದ ಇಂಗ್ಲಿಷ್ ಪುಸ್ತಕವನ್ನು ಕನ್ನಡಕ್ಕೆ ತಂದು ಓದಬಲ್ಲವಳು ಊರಿನಲ್ಲಿ ಅವಳೊಬ್ಬಳೇ.

ಅವಳು ಬರೆದದ್ದನ್ನು ದೊಡ್ಡಪ್ಪ ಕಾಡಸಿದ್ದಪ್ಪ ತಮ್ಮ ಕೊಬ್ಬರಿ ಮಂಡಿಯ ಜಗಲಿಯ ಮೇಲೆ ಕೂತು ನೋಡಿದರು. ಸ್ಮಾರಕ ಸಮಿತಿಗೆ ಅವರೇ ಅಧ್ಯಕ್ಷರು. ಪಕ್ಕದಲ್ಲಿ ಅಂಗಡಿ ಮರುಳಸಿದ್ದಯ್ಯ. ಇನ್ನೂರು ವರ್ಷದ ರೆಜಿಮೆಂಟು, ಗುಂಡಿನ ಮಳೆಯಲ್ಲಿ ಅದು ಕಟ್ಟಿದ ಸೇತುವೆಗಳು, ಮರಳುಗಾಡಿನಲ್ಲಿ ತೋಡಿದ ಬಾವಿಗಳು, ಎರಡು ಮಹಾಯುದ್ಧಗಳು, ಎಲ್ಲಕ್ಕೂ ಇಬ್ಬರೂ ತಲೆದೂಗಿದರು. ಕೊನೆಯ ಹಾಳೆಗೆ ಬಂದಾಗ ದೊಡ್ಡಪ್ಪ ಕನ್ನಡಕ ತೆಗೆದರು.

"ಇದೇನಮ್ಮ? ಎಳನೀರು ಕೀಳಕ್ಕೆ ಮರ ಹತ್ತಿದ್ದಾಗ ಗುಂಡು ಬಿತ್ತು ಅಂತ ಬರ್ದಿದ್ದೀಯಾ?"

"ಪುಸ್ತಕದಲ್ಲಿ ಹಾಗೇ ಇದೆ ದೊಡ್ಡಪ್ಪ. ಅಲ್ಲಿ ಬಾವಿ ನೀರೆಲ್ಲ ಕೆಟ್ಟಿತ್ತಂತೆ. ಗಾಯವಾದವರು ಬಾಯಾರಿಕೆಯಿಂದ..."

"ಇದ್ದೀತು ಕಣಮ್ಮ. ಮರ ಹತ್ತಿ ಸತ್ತ ಅಂತ ಹೇಳಕ್ಕೆ ಕಲ್ಲು ನೆಡಿಸ್ಬೇಕಾ? ನಮ್ ತೋಟದಾಗೇ ಎರಡು ಮೂರು ವರ್ಷಕ್ಕೊಬ್ಬ ಬಿದ್ದು ಸಾಯ್ತಾನೆ. ಅವರಿಗೆಲ್ಲ ಕಲ್ಲು ಹಾಕ್ಸಕ್ಕಾಯ್ತದಾ?"

ಮರುಳಸಿದ್ದಯ್ಯ ನಕ್ಕರು. "ಇಲ್ಲಿದ್ದಾಗ್ಲೂ ನಿಮ್ ತೋಟದ ಮರ ಹತ್ತೋನು, ಅಲ್ಲಿಗೋಗೀನೂ ಮರಾನೇ ಹತ್ತವ್ನೆ ಬುಡ್ರಿ! ಒಂದತ್ತು ಜನ ಶತ್ರುಗಳನ್ನ ಹೊಡ್ದ ಅಂತ ಸೇರ್ಸಮ್ಮ, ಸರಿಹೋಯ್ತದೆ."

"ಹತ್ತು ಯಾವ ಮೂಲೆಗೆ? ತುರುವೇಕೆರೆಯಿಂದ ದೊಡ್ಡೋರೆಲ್ಲ ಬತ್ತಾವ್ರೆ. ಇಪ್ಪತ್ತು ಮಾಡು. ಕೊನೇಲಿ ಬಾವುಟ ನೆಟ್ಟು ಪ್ರಾಣ ಬಿಟ್ಟ ಅಂತ ಬರಿ."

ಗಿರಿಜಾಂಬಿಕಾಳ ಕಿವಿ ಕಾದುಹೋಯಿತು. ಈ ಸೀಮೆಯಲ್ಲಿ ಎಳೆಗೊನೆಗೆ ಯಾರೂ ಮಚ್ಚು ಮುಟ್ಟಿಸುವುದಿಲ್ಲ. ಕಾಯಿ ಬಲಿಯಬೇಕು, ವರ್ಷಗಟ್ಟಲೆ ಅಟ್ಟದ ಮೇಲೆ ಕೂತು ಕೊಬ್ಬರಿಯಾಗಬೇಕು. ಎಳನೀರು ಇಳಿಸುವುದೇನಿದ್ದರೂ ಜ್ವರ ಬಂದವರಿಗೆ, ಬಸುರಿಯರಿಗೆ. ಅದೂ ತೋಟದ ಯಜಮಾನರನ್ನು ಕೇಳಿ. ನರಳುವವರನ್ನು ಕಂಡು ಮಾಯಣ್ಣ ತಲೆಯೆತ್ತಿ ಮರ ನೋಡಿದ್ದು ಅದಕ್ಕೇ. ಮರ ಹತ್ತು ಎಂದು ಅವನಿಗೆ ಯಾರೂ ಹೇಳಿರಲಿಲ್ಲವೆಂದು ಪುಸ್ತಕ ಬರೆದಿತ್ತು. ಇನ್ನೂರು ವರ್ಷದ ರೆಜಿಮೆಂಟು ತನ್ನ ಗೆಲುವುಗಳ ಸಾಲಿನಲ್ಲಿ ಆ ಹುಡುಗನಿಗೆ ಒಂದು ಇಡೀ ಪುಟ ಕೊಟ್ಟಿತ್ತು. ಅವನು ಹತ್ತಿ ಕೆಡವಿದ ಕಾಯಿಯಿಂದಲೇ ಮಂಡಿ ತುಂಬಿಸಿಕೊಂಡವರಿಗೆ ಅದು ನಗುವ ಮಾತು! ಇಷ್ಟೆಲ್ಲ ಅವಳ ಗಂಟಲಿನವರೆಗೆ ಬಂತು. ಬಾಯಿಂದ ಹೊರಟದ್ದು "ಆಗಲಿ ದೊಡ್ಡಪ್ಪ" ಎಂಬುದಷ್ಟೇ. ಅಲ್ಲೇ ಕೂತು ಬೇರೆ ಹಾಳೆ ಬರೆದಳು. ತನ್ನ ಅಕ್ಷರ ಅಷ್ಟು ದುಂಡಗೆ ಬರುತ್ತಿರುವುದು ಕಂಡು ಅವಳಿಗೇ ಹೇಸಿಗೆಯಾಯಿತು.

ಶಾಮಿಯಾನದಲ್ಲಿ ಮಾಯಣ್ಣನ ತಾಯಿ ರಂಗಕ್ಕನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಅವಳು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಮಗ ಹೇಗೆ ಸತ್ತ ಎಂದು ಎರಡು ವರ್ಷದಿಂದ ಕಂಡಕಂಡವರನ್ನು ಕೇಳಿದ್ದಳು. ತಂತಿ ಓದಿದವರು 'ಯುದ್ಧದಲ್ಲಿ' ಎಂದಷ್ಟೇ ಹೇಳಿದ್ದರು. ಇವತ್ತು ಪೂರಾ ಹೇಳುತ್ತಾರೆಂದು ಯಾರೋ ಅಂದದ್ದಕ್ಕೆ ಹೊತ್ತಿಗೆ ಮುಂಚೆಯೇ ಬಂದಿದ್ದಳು.

ಗಿರಿಜಾಂಬಿಕಾ ಓದಿದಳು. ಸೇತುವೆಗಳಿಗೆ ಚಪ್ಪಾಳೆ ಬಿತ್ತು, ಬಾವಿಗಳಿಗೂ ಬಿತ್ತು. "ನಮ್ಮ ಮಾಯಣ್ಣ ಒಬ್ಬನೇ ಇಪ್ಪತ್ತು ಮಂದಿ ಶತ್ರುಗಳನ್ನು ಕೊಂದು" ಎಂದಾಗ ಶಾಮಿಯಾನವೇ ಹಾರಿಹೋಗುವಂತೆ ಬಿತ್ತು. ರಂಗಕ್ಕ ಎದ್ದು ನಿಂತಳು. ಅವಳ ಮುಖ ನೋಡಿ ಮುಂದಿನ ಸಾಲಿನ ಚಪ್ಪಾಳೆ ಮೊದಲು ನಿಂತಿತು, ಆಮೇಲೆ ಹಿಂದಿನದು.

"ಇಪ್ಪತ್ತು ಜನಾನಾ? ನಿಜ್ವೇನವ್ವ?" ಎಂದಳು. "ಕೋಳಿ ಕುಯ್ಯೋವಾಗ ಎದ್ದು ಆಚೆಗೋಗೋನು ಕಣವ್ವ ನನ್ ಮಗ. ಅವ್ರಿಗೂ ನನ್ನಂಗೆ ತಾಯ್ದೀರು ಇರಾಕಿಲ್ವಾ?"

"ಅದು ವೀರರು ಮಾಡೋ ಕೆಲ್ಸ ಕಣ್ ರಂಗಕ್ಕ, ಹೆಮ್ಮೆಪಡ್ಬೇಕು. ಕೂತ್ಕೋ, ಕೂತ್ಕೋ," ಎಂದರು ಕಾಡಸಿದ್ದಪ್ಪ ವೇದಿಕೆಯ ಮೇಲಿಂದ. ಆಮೇಲೆ ದನಿ ತಗ್ಗಿಸಿ, "ಗಿರಿಜಾ, ಮುಂದಕ್ಕೆ ಓದು."

ರಂಗಕ್ಕ ಕೂರಲಿಲ್ಲ. ಕೈ ನೋಡಿಕೊಳ್ಳುತ್ತಾ ನಿಂತಿದ್ದಳು, ಆ ಇಪ್ಪತ್ತು ಜನರನ್ನು ಕೊಂದದ್ದು ತಾನೇ ಏನೋ ಎಂಬಂತೆ.

ಗಿರಿಜಾಂಬಿಕಾ ಹಾಳೆಗಳನ್ನು ದೊಡ್ಡಪ್ಪನ ತೊಡೆಯ ಮೇಲೆ ಹಾಕಿ ಮತ್ತೆ ಮೈಕಿನ ಹತ್ತಿರ ಬಂದಳು. ಮೊದಲು ಅವಳ ಉಸಿರು ಕೇಳಿಸಿತು.

"ನಾನು ಓದಿದ್ದು ಸುಳ್ಳು, ರಂಗಕ್ಕ. ಆವತ್ತು ನಿನ್ನ ಮಗ ಯಾರನ್ನೂ ಕೊಲ್ಲಲಿಲ್ಲ. ಕೋವಿ ಕೆಳಗಿಟ್ಟು ತೆಂಗಿನ ಮರ ಹತ್ತಿದ, ಗಾಯವಾಗಿ ಬಿದ್ದಿದ್ದ ಹನ್ನೊಂದು ಜನಕ್ಕೆ ಎಳನೀರು ಇಳಿಸಿದ."